ನಲವತ್ತೆರಡು ಸೆಕೆಂಡಿನ ಡಬ್ಬಿಂಗ್

ಮೊದಲೇ ಹೇಳಿಬಿಡುತ್ತೇನೆ. ನೀವು ಇದುವರೆಗೆ ಕೇಳಿದ ಕಥೆಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದು ಬನ್ನಿ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇಬ್ಬರು ವಕೀಲರನ್ನು, ಒಬ್ಬ ಜಡ್ಜನ್ನು ಮತ್ತು ಒಬ್ಬ ಅಜ್ಜಿಯನ್ನು ಬರೀ ಬಾಯಿಮಾತಿನಲ್ಲಿ ಕುಣಿಸಿ, ಕೆಟ್ಟು ನಿಂತ ಒಂದು ಸಂಸಾರವನ್ನು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ರಿಪೇರಿ ಮಾಡಿದ ಕಥೆ ಇದು. ಕತ್ತಿಯಿಲ್ಲ, ಬಂದೂಕಿಲ್ಲ, ಫೈಟ್ ಮಾಸ್ಟರ್ ಅಂತೂ ಇಲ್ಲವೇ ಇಲ್ಲ. ಇರುವುದು ಒಂದು ನಾಲಿಗೆ. ಕ್ಲೈಮ್ಯಾಕ್ಸಿನಲ್ಲಿ ಕಣ್ಣೀರು ಗ್ಯಾರಂಟಿ. ಬರದಿದ್ದರೆ ತಪ್ಪು ಕಥೆಯದ್ದಲ್ಲ, ನಿಮ್ಮ ಕಣ್ಣನ್ನು ಒಮ್ಮೆ ಡಾಕ್ಟರಿಗೆ ತೋರಿಸಿ.

ಹುಡುಗಿಯನ್ನು ಮನೆಯಲ್ಲಿ ರೇಡಿಯೋ ಅಂತ ಕರೆಯುತ್ತಿದ್ದರು. ಆಫ್ ಮಾಡುವ ಗುಂಡಿಯೇ ಇಲ್ಲ ಅಂತ ಅವಳ ಮಾವ ಇಟ್ಟ ಹೆಸರು. ಅವಳಿಗೆ ಸಿನಿಮಾ ಡೈಲಾಗು ಕಲಿಸಿದವನೂ ಅವನೇ. ವಿಲನ್ ನಗು ಬೇಕೇ, ನಗುತ್ತಾಳೆ. ಸಾಯುವ ತಾಯಿಯ ಕೊನೆಯ ಮಾತು ಬೇಕೇ, ಮೂರು ಕೆಮ್ಮು ಸಮೇತ ಹೇಳುತ್ತಾಳೆ. ಒಂದು ಸಲ ಹೆಡ್‌ಮಾಸ್ಟರ ದನಿಯಲ್ಲಿ "ಇವತ್ತು ಅರ್ಧ ದಿನ ರಜಾ" ಅಂತ ಕಿಟಕಿಯಿಂದ ಕೂಗಿ ಎರಡು ಕ್ಲಾಸುಗಳನ್ನು ಖಾಲಿ ಮಾಡಿಸಿದ ದಾಖಲೆ ಅವಳ ಹೆಸರಲ್ಲಿದೆ.

ಅಪ್ಪ ಅಮ್ಮ ಬೇರೆಯಾಗಿ ಹನ್ನೊಂದು ತಿಂಗಳಾಗಿತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದಿನಕ್ಕೆ ನಾಲ್ಕುನೂರು ಬೆಡ್‌ಶೀಟು ಮಡಚಿ ಬರುವವಳ ಕೈಗೆ ಸದಾ ಬ್ಲೀಚಿನ ವಾಸನೆ. ಅವಳು, ರೇಡಿಯೋ, ಅಜ್ಜಿ ಅಂದರೆ ಅಮ್ಮನ ಅಮ್ಮ, ಮತ್ತು ಅಮ್ಮನ ತಮ್ಮನಾದ ಈ ಮಾವ, ನಾಲ್ಕು ಜನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಆರು ಮಹಡಿಯ ಹಳೇ ಕಟ್ಟಡವೊಂದರ ತುದಿಯಲ್ಲಿ, ಲಿಫ್ಟಿನ ಮಷೀನ್ ರೂಮಿಗೆ ಅಂಟಿಕೊಂಡ ಕೋಣೆಯಲ್ಲಿ ಒಬ್ಬನೇ ಇದ್ದ. ಬಾಡಿಗೆ ಇಲ್ಲ, ಬದಲಿಗೆ ಆ ಮುದಿ ಲಿಫ್ಟು ಕೆಟ್ಟಾಗಲೆಲ್ಲ ಪುಕ್ಕಟೆ ರಿಪೇರಿ.

ಸದ್ಯಕ್ಕೆ ಅಂತ ಕೋರ್ಟು ಒಂದು ವ್ಯವಸ್ಥೆ ಮಾಡಿತ್ತು. ವಾರವೆಲ್ಲ ಮಗು ಅಮ್ಮನ ಹತ್ತಿರ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಅಪ್ಪನ ಹತ್ತಿರ. ಖರ್ಚಿಗೆ ಅಪ್ಪ ತಿಂಗಳು ತಿಂಗಳು ಇಷ್ಟು ಅಂತ ಕೊಡಬೇಕು. ಮಗು ಕೊನೆಗೆ ಯಾರ ಪಾಲಿಗೆ, ದುಡ್ಡು ಎಷ್ಟು ಅನ್ನುವುದು ಇನ್ನು ಆರು ವಾರಕ್ಕೆ ತೀರ್ಮಾನ.

ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಫೋನಿಲ್ಲ, ಮುಖ ನೋಡುವುದಂತೂ ದೂರದ ಮಾತು. ಅಮ್ಮ ಮೇಲೆ ಹತ್ತುವುದಿಲ್ಲ, ಅಪ್ಪ ಕೆಳಗೆ ಇಳಿಯುವುದಿಲ್ಲ. ಶನಿವಾರ ಅಮ್ಮ ನೆಲಮಹಡಿಯಲ್ಲಿ ಮಗಳನ್ನು ಲಿಫ್ಟಿಗೆ ಹತ್ತಿಸಿ, ಆರನೇ ನಂಬರು ಒತ್ತಿ, ಕೈ ಹೊರಗೆಳೆದುಕೊಳ್ಳುವಳು. ಅಪ್ಪ ಆರನೇ ಮಹಡಿಯಲ್ಲಿ ಗ್ರಿಲ್ ಬಾಗಿಲು ಎಳೆದು ಇಳಿಸಿಕೊಳ್ಳುವನು. ಭಾನುವಾರ ಇದೇ ರೀಲು ಉಲ್ಟಾ. ಹೇಳುವುದು ಕೇಳುವುದು ಏನಿದ್ದರೂ ರೇಡಿಯೋ ಮುಖಾಂತರ.

ಕೆಳಗಿನಿಂದ ಮೇಲಕ್ಕೆ ನಲವತ್ತೆರಡು ಸೆಕೆಂಡು. ಅಷ್ಟರೊಳಗೆ ಡಬ್ಬಿಂಗ್ ಆಗಬೇಕು.

ಮೊದಲ ತಿಂಗಳು ಅವಳು ಹೇಳಿದ್ದನ್ನು ಹೇಳಿದ ಹಾಗೇ ತಲುಪಿಸಿದ್ದಳು. ಫಲವಾಗಿ ಆ ಭಾನುವಾರ ಅಮ್ಮ ಒಲೆ ಹಚ್ಚಲಿಲ್ಲ, ಮುಂದಿನ ಶನಿವಾರ ಅಪ್ಪ ಮೊಟ್ಟೆ ಬೇಯಿಸಲಿಲ್ಲ. ಜಗಳ ಅವರಿಬ್ಬರದು, ಖಾಲಿ ಹೊಟ್ಟೆ ಇವಳದು. ಆಮೇಲೆ ಅವಳು ವೃತ್ತಿ ಬದಲಾಯಿಸಿದಳು.

ಒಂದು ಶನಿವಾರವನ್ನೇ ತೆಗೆದುಕೊಳ್ಳಿ.

"ನಿಮ್ಮಪ್ಪನಿಗೆ ಹೇಳು, ಹತ್ತನೇ ತಾರೀಖು ದಾಟ್ತು ಅಂತ," ಅಂದಳು ಅಮ್ಮ, ರೇಡಿಯೋಳ ಕಾಲರ್ ಸರಿಮಾಡುತ್ತ. "ಸ್ಕೂಲ್ ಫೀಸ್ ಕಟ್ಟೋಕೆ ನಾನೇನು ಮನೇಲಿ ನೋಟ್ ಪ್ರಿಂಟ್ ಮಾಡ್ತಾ ಇದೀನಾ ಅಂತ ಕೇಳು. ನಾಚಿಕೆ ಮಾನ ಮರ್ಯಾದೆ ಅನ್ನೋದು ಬಾಡಿಗೆಗಾದ್ರೂ ಸಿಗತ್ತಾ ನೋಡಪ್ಪಾ ಅಂತ ಹೇಳು. ಹಂಗಂಗೇ ಹೇಳ್ಬೇಕು, ಒಂದಕ್ಷರ ಬಿಡಬಾರದು."

"ಒಂದು ಕಾಮಾನೂ ಬಿಡಲ್ಲಮ್ಮಾ."

ಲಿಫ್ಟು ಗೊರಗೊರ ಅನ್ನುತ್ತ ಏರಿತು. ಆರನೇ ಮಹಡಿಯಲ್ಲಿ ಅಪ್ಪ, ಕೈಯಲ್ಲಿ ಸ್ಪ್ಯಾನರು, ಕೆನ್ನೆಯ ಮೇಲೆ ಗ್ರೀಸು.

"ಏನಂತೆ ನಿಮ್ಮಮ್ಮಂದು?"

"ನಿನ್ನ ಹೆಬ್ಬೆರಳು ವಾಸಿ ಆಯ್ತಾ ಅಂತ ಕೇಳಿದ್ಲು."

ಸ್ಪ್ಯಾನರು ಗಾಳಿಯಲ್ಲೇ ನಿಂತಿತು. "ನನ್ನ ಹೆಬ್ಬೆರಳಾ?"

"ಹೂಂ. ಬಾಗಿಲಿಗೆ ಸಿಕ್ಕಾಕ್ಕೊಂಡಿತ್ತಲ್ಲ, ಅದು. ಆಮೇಲೆ ಫೀಸ್ ವಿಷಯ. ಅವಸರ ಏನಿಲ್ಲವಂತೆ. ಆದ್ರೆ ಸೋಮವಾರದೊಳಗೆ ಆದ್ರೆ ಒಳ್ಳೇದಂತೆ."

"ಅವಳು ಹಿಂಗಂದ್ಲಾ?"

"ಹಿಂಗೇ ಅಂದ್ಲು. ಸ್ವಲ್ಪ ಮೂಗು ಬೇರೆ ಏರಿಸಿಕೊಂಡ್ಲು, ನೆಗಡಿ ಇರಬೇಕು."

ಅಪ್ಪ ಅವತ್ತು ಎರಡು ಮೊಟ್ಟೆಯ ಬದಲು ಮೂರು ಬೇಯಿಸಿದ. ಬ್ರೆಡ್ಡಿನ ಅಂಚು ಕತ್ತರಿಸಿ ಕೊಟ್ಟ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೂಲು, ಗೋಡೆಯಾಚೆ ಮಷೀನು. ಕೆಳಗೆ ಯಾರಾದರೂ ಗುಂಡಿ ಒತ್ತಿದರೆ ಮಂಚ ನಡುಗುತ್ತಿತ್ತು. ರೇಡಿಯೋ ಮಂಚದ ಮೇಲೆ, ಅಪ್ಪ ನೆಲದ ಮೇಲೆ ಮಲಗುವುದು ರೂಢಿ.

ಭಾನುವಾರ ಸಂಜೆ ಅಪ್ಪ ಲಕೋಟೆ ಕೊಟ್ಟು ಹೇಳಿದ್ದು ಹೀಗೆ: "ಕಂಪನಿ ಮಾಲೀಕ ಇನ್ನೂ ಸಂಬಳಕ್ಕೆ ಕೈ ಬಿಚ್ಚಿಲ್ಲ. ಇರೋದು ಇಷ್ಟೇ. ಸಾಲ್ದಿದ್ರೆ ಬಂದು ನನ್ನ ಚರ್ಮ ಸುಲ್ಕೊಂಡು ಚಪ್ಪಲಿ ಹೊಲಿಸ್ಕೊಳ್ಳಲಿ. ಅವಳ ತಮ್ಮಂದು ಹೆಂಗೂ ಚಪ್ಪಲಿ ಅಂಗಡಿ ಕೆಲಸ."

ನಲವತ್ತೆರಡು ಸೆಕೆಂಡಿನ ಬಳಿಕ ಕೆಳಗೆ ತಲುಪಿದ್ದು ಹೀಗೆ: "ಉಳಿದಿದ್ದು ಮುಂದಿನ ವಾರ ಕೊಡ್ತಾನಂತಮ್ಮಾ. ತಡ ಆಗಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂದ. ಆಮೇಲೆ, ನಿನ್ನ ಸೊಂಟ ನೋವು ಹೆಂಗಿದೆ ಅಂತ ಕೇಳ್ದ."

ಅಮ್ಮ ಲಕೋಟೆ ತೆರೆಯುವುದನ್ನೇ ಮರೆತಳು. "ಸೊಂಟಾನಾ?"

ನೋಡಿ, ಇದು ವೃತ್ತಿರಹಸ್ಯ, ಪುಕ್ಕಟೆಯಾಗಿ ಕೊಡುತ್ತಿದ್ದೇನೆ: ಯಾವ ಸಿಟ್ಟಿನ ಮಾತನ್ನಾದರೂ ತಿರುಗಿಸಬೇಕೆಂದರೆ ಎದುರಿಗಿರುವವರ ನೋಯುವ ಅಂಗವೊಂದನ್ನು ವಿಚಾರಿಸಿ. ಮಿಕ್ಕಿದ್ದನ್ನು ಅವರೇ ಮಾಡಿಕೊಳ್ಳುತ್ತಾರೆ.

ಆ ವಾರ ಮನೆಯಲ್ಲಿ ಬಾಂಬು ಬಿತ್ತು. ಹಾಕಿದವನು ಮಾವ. ಗುರುವಾರ ಸಂಜೆ ಎಲ್ಲರೂ ಅನ್ನಕ್ಕೆ ಆಲೂಗಡ್ಡೆ ಕಲಸಿಕೊಳ್ಳುತ್ತಿದ್ದಾಗ ಅವನು ಗಂಟಲು ಸರಿಮಾಡಿಕೊಂಡ.

"ಅಮ್ಮಾ, ಅಕ್ಕಾ, ಹುಡುಗಿ ಮನೆಯೋರು ಒಪ್ಪಿದ್ರು. ಎರಡು ತಿಂಗಳಿಗೆ ಮದುವೆ."

"ಅಬ್ಬಾ!" ಅಂದಳು ಅಜ್ಜಿ. "ಯಾವ ಹುಡುಗಿಯಪ್ಪಾ ಅದು, ಕಣ್ಣು ಟೆಸ್ಟ್ ಮಾಡಿಸಿದ್ರಾ?"

ಎಲ್ಲರೂ ನಕ್ಕರು. ಮಾವನೂ ನಕ್ಕ. ನಕ್ಕು ಮುಗಿದ ಮೇಲೆ ಅವನು ತಟ್ಟೆ ನೋಡುತ್ತ, "ಹಿಂದಿನ ರೂಮು ಬೇಕಾಗತ್ತೆ," ಅಂದ.

ಹಿಂದಿನ ಕೋಣೆ ಅಮ್ಮ ಮತ್ತು ರೇಡಿಯೋದು. ಮುಂದಿನದರಲ್ಲಿ ಅಜ್ಜಿಯ ಮಂಚ, ಮಾವನ ಚಾಪೆ.

"ನಾವೆಲ್ಲಿಗೆ ಹೋಗೋದು?" ಅಮ್ಮ ಕೇಳಿದಳು.

"ನೀನು ಅಮ್ಮನ ಜೊತೆ ಮುಂದೆ ಮಲಕ್ಕೋ ಅಕ್ಕ."

"ಮಗು?"

"ಅಡುಗೆಮನೆ ಇದೆಯಲ್ಲ. ಬೆಚ್ಚಗಿರತ್ತೆ."

"ಬೆಚ್ಚಗಿರತ್ತಾ? ಸಿಲಿಂಡರ್ ಪಕ್ಕ ಮಲಗಿಸ್ತೀಯೇನೋ ಅವಳನ್ನ?"

"ಅಕ್ಕಾ, ಬಾಡಿಗೇಲಿ ಮುಕ್ಕಾಲು ಪಾಲು ನಂದು. ದಿನಾ ಹತ್ತು ಗಂಟೆ ಕಂಡೋರ ಕಾಲು ಹಿಡ್ಕೊಂಡು ಚಪ್ಪಲಿ ಹಾಕ್ತೀನಿ. ನಾನು ಯಾವತ್ತಾದ್ರೂ ಮಾತಾಡಿದೀನಾ? ನಿನ್ನ ಗಂಡ ಸರಿಯಾಗಿ ದುಡ್ಡು ಕೊಟ್ಟಿದ್ರೆ ನೀನು ಬೇರೆ ಮನೆ ಮಾಡಬಹುದಿತ್ತು. ನಾನು ಹೇಳೋದ್ರಲ್ಲಿ ಏನು ತಪ್ಪಿದೆ?"

ತಪ್ಪೇನಿರಲಿಲ್ಲ. ಅದಕ್ಕೇ ಅಮ್ಮನಿಗೆ ಉರಿಯಿತು. ತಟ್ಟೆ ತಳ್ಳಿ ಎದ್ದಳು. "ಹುಟ್ಟಿದ ಮನೇಲಿ ಜಾಗ ಇಲ್ಲ, ಕಟ್ಕೊಂಡವನ ಹತ್ರ ದುಡ್ಡಿಲ್ಲ. ನನ್ನನ್ನೂ ಆಸ್ಪತ್ರೆ ಬೆಡ್‌ಶೀಟ್ ಜೊತೆ ಮಡಚಿ ಯಾವುದಾದ್ರೂ ಕಪಾಟಿಗೆ ಇಟ್ಟುಬಿಡಿ!"

"ಊಟದ ಮುಂದೆ ಏಳಬಾರದು ಕಣೇ," ಅಂದಳು ಅಜ್ಜಿ.

"ನೀನು ಸುಮ್ನಿರಮ್ಮಾ!"

ರೇಡಿಯೋ ನಡುವೆ ಬಾಯಿ ಹಾಕಿದಳು. ಸಿನಿಮಾದ ಬಿಳಿ ಕೂದಲಿನ ಜಮೀನ್ದಾರರ ದನಿ ತೆಗೆದು, "ಈ ಕೋಟೆಯನ್ನು ಬಿಟ್ಟು ನಾನು ಒಂದು ಹೆಜ್ಜೆಯೂ ಕದಲುವುದಿಲ್ಲ!" ಅಂದಳು. ಮಾಮೂಲಿ ದಿನವಾಗಿದ್ದರೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಒಬ್ಬರೂ ನಗಲಿಲ್ಲ. ಆಲೂಗಡ್ಡೆ ತಣ್ಣಗಾಯಿತು.

ಅದಾಗಿ ಎರಡು ದಿನಕ್ಕೆ ಶನಿವಾರ. ಅಮ್ಮ ಕೆಳಗಿನಿಂದ ಏನೋ ಹೇಳಿ ಕಳಿಸಿದಳು. ಮರುದಿನ ಅಪ್ಪ ಮೇಲಿನಿಂದ ಏನೋ ಹೇಳಿ ಕಳಿಸಿದ. ಅಲ್ಲಿ ರೀಲು ಸ್ವಲ್ಪ ಕಿತ್ತುಹೋಗಿದೆ. ಹಳೇ ಪ್ರಿಂಟು, ಆಗುತ್ತಿರುತ್ತದೆ, ವಿಸಿಲ್ ಹೊಡೆಯಬೇಡಿ. ನಿಮಗೆ ಬೇಕಾದದ್ದು ಕೇಳಿದವರಿಗೆ ಏನು ಕೇಳಿಸಿತು ಅನ್ನುವುದು ತಾನೇ? ಅದನ್ನು ಹೇಳುತ್ತೇನೆ, ಯಾಕೆಂದರೆ ರೇಡಿಯೋಳ ವೃತ್ತಿಜೀವನದಲ್ಲೇ ಅಂಥ ಡೈಲಾಗು ಮತ್ತೆ ಬರಲಿಲ್ಲ.

ಆರನೇ ಮಹಡಿಯಲ್ಲಿ ಅಪ್ಪನ ಮುಂದೆ: "ಅಮ್ಮ ಹೇಳಿದ್ಲು, ಪ್ರಾಣ ಹೋದ್ರೂ ಸರಿ, ನನ್ನ ಮಗಳನ್ನ ಯಾರಿಗೂ ಬಿಟ್ಕೊಡಲ್ಲ ಅಂತ."

ನೆಲಮಹಡಿಯಲ್ಲಿ ಅಮ್ಮನ ಮುಂದೆ: "ಅಪ್ಪ ಹೇಳ್ದ, ನನ್ನ ಮಗಳು ನನಗೆ ಬೇಕು, ಕೋರ್ಟಲ್ಲಿ ಹೊಡೆದಾಡಿಯಾದ್ರೂ ಕರ್ಕೊಂಡು ಬರ್ತೀನಿ ಅಂತ."

ಅಪ್ಪ ಗ್ರಿಲ್ಲನ್ನು ಸುಮ್ಮನೆ ಎರಡು ಸಲ ಎಳೆದು ಮುಚ್ಚಿದ. ಆಮೇಲೆ, "ಯಾರಿಗೂ ಅಂದ್ರೆ? ನಾನು ಯಾರೋ ಆದ್ನಾ?" ಅಂದ. ಕೆಳಗೆ ಅಮ್ಮನ ಮುಖ ಕೆಂಪಾಯಿತು. ಮಗಳ ರಟ್ಟೆ ಹಿಡಿದು ಎಳೆದುಕೊಂಡಳು. "ಓಹೋ! ಹೊಡೆದಾಡ್ತಾನಂತಾ? ಬರಲಿ, ನೋಡೇ ಬಿಡೋಣ."

ರಟ್ಟೆ ನೋಯಿತು. ರೇಡಿಯೋಗೆ ಆ ನೋವು ಎಷ್ಟು ಹಿತವಾಯಿತೆಂದರೆ ಮನೆ ಬರುವವರೆಗೂ ಅಲ್ಲೇ ಉಜ್ಜಿಕೊಳ್ಳುತ್ತ ಬಂದಳು.

ಅಲ್ಲಿಯವರೆಗೆ ಕೇಸು ತೂಕಡಿಸುತ್ತಿತ್ತು. ಈಗ ದಡಬಡಿಸಿ ಎದ್ದಿತು. ಅಮ್ಮ ಒಬ್ಬ ಖಾಸಗಿ ವಕೀಲರನ್ನು ಹಿಡಿದಳು. ಫೀಸಿಗೆ ಕೈಬಳೆ ಹೋಯಿತು. ಸಾಲದ್ದಕ್ಕೆ ಭಾನುವಾರದ ಡ್ಯೂಟಿಯನ್ನೂ ಕೇಳಿ ಹಾಕಿಸಿಕೊಂಡಳು. ಅಪ್ಪನೂ ಒಬ್ಬರನ್ನು ಹಿಡಿದ. ಇನ್ನೆರಡು ಕಟ್ಟಡಗಳ ಲಿಫ್ಟು ಒಪ್ಪಿಕೊಂಡ. ಶನಿವಾರ ರೇಡಿಯೋ ಹೋದಾಗ ಅವನು ಕೂತಲ್ಲೇ ನಿದ್ದೆ ಮಾಡುತ್ತಿದ್ದ, ಒಲೆಯ ಮೇಲೆ ಮೊಟ್ಟೆಯ ನೀರು ಆರಿ ಪಾತ್ರೆ ಸೀಯುತ್ತಿತ್ತು. ಗೋಡೆಗೆ ಒರಗಿಸಿದ ಒಂದು ಹೊಸ ಮಡಚುವ ಮಂಚ.

"ಇದು ಯಾರಿಗೆ?"

"ನಿಂಗೆ. ಜಡ್ಜು ಕೇಳಿದ್ರೆ ಮಗೂಗೆ ಬೇರೆ ಮಂಚ ಇದೆ ಅಂತ ತೋರಿಸ್ಬೇಕಂತೆ. ವಕೀಲರು ಹೇಳಿದ್ರು."

ಮನೆಯಲ್ಲಿ ಅಮ್ಮನೂ ಯುದ್ಧಕ್ಕೆ ಇಳಿದಿದ್ದಳು. ಮಾವನ ಎದುರು ನಿಂತು, "ಮಗೂಗೆ ಓದೋಕೆ ಪ್ರತ್ಯೇಕ ಜಾಗ ಇರ್ಬೇಕಂತೆ. ಹಿಂದಿನ ರೂಮು ಬಿಡಲ್ಲ, ನೀನು ಬೇರೆ ಮನೆ ನೋಡ್ಕೋ," ಅಂದಳು. ಮಾವ ಅಂದಿನಿಂದ ಮನೆಯಲ್ಲಿ ಊಟ ಮಾಡುವುದು ಬಿಟ್ಟ, ಬಾಡಿಗೆಯಲ್ಲಿ ಅರ್ಧ ಮಾತ್ರ ಕೊಟ್ಟ. ಡೈಲಾಗು ಕಲಿಸಿದ ಗುರು ರೇಡಿಯೋಳ ಜೊತೆಗೂ ಮಾತು ಬಿಟ್ಟ. ಅಜ್ಜಿ ಅನ್ನ ಕಡಿಮೆ ಇಟ್ಟು ನೀರು ಜಾಸ್ತಿ ಇಟ್ಟಳು.

ಹನ್ನೆರಡು ವರ್ಷದ ಹುಡುಗಿಗೆ ಎರಡು ಮಂಚ, ಒಂದೂವರೆ ಕೋಣೆ, ಇಬ್ಬರು ವಕೀಲರು. ರಾಜಕುಮಾರಿ ಯೋಗ. ಆದರೆ ರಾಜ್ಯದಲ್ಲಿ ಯಾರೂ ನಗುತ್ತಿರಲಿಲ್ಲ.

ಒಂದು ಸಂಜೆ ಅಜ್ಜಿ ಬಟಾಣಿ ಸುಲಿಯುತ್ತ ಕೇಳಿದಳು, "ಏ ರೇಡಿಯೋ, ಎರಡು ಸ್ಟೇಷನ್ನು ಒಟ್ಟಿಗೆ ಹಿಡೀತಾ ಇದೀಯಾ?"

"ಏನಜ್ಜಿ?"

"ನನ್ನ ಅಳಿಯ ಹದಿಮೂರು ವರ್ಷದಲ್ಲಿ ಒಂದು ದಿನ ಯಾರ ಸೊಂಟಾನೂ ವಿಚಾರಿಸ್ದೋನಲ್ಲ. ನನ್ನ ಮಂಡಿ ಆಪರೇಷನ್ ಆದಾಗ ಆಸ್ಪತ್ರೆಗೆ ಬಂದು ಅಲ್ಲಿನ ಲಿಫ್ಟ್ ನೋಡ್ಕೊಂಡು ಹೋದ. ಈಗ ವಾರಾ ವಾರಾ ಸೊಂಟ ಕೇಳ್ತಾನೆ ಅಂದ್ರೆ?"

"ಮನುಷ್ಯ ಬದಲಾಗ್ತಾನಜ್ಜಿ."

"ಲಿಫ್ಟು ಬದಲಾಗತ್ತೆ. ಮನುಷ್ಯ ಬದಲಾಗಲ್ಲ." ಅಜ್ಜಿ ಒಂದು ಹುಳುಕು ಬಟಾಣಿಯನ್ನು ಆರಿಸಿ ಎಸೆದಳು. "ಸಿಕ್ಕಾಕ್ಕೊಳ್ತೀಯ ಕಣೇ, ಹುಷಾರು."

ಅಷ್ಟು ಹೊತ್ತಿಗೆ ಅವಳು ಆಗಲೇ ಸಿಕ್ಕಿಹಾಕಿಕೊಂಡಿದ್ದಳು. ಹೊಡೆದಾಟದ ಮಾತನ್ನು ವಾಪಸು ತೆಗೆದರೆ ಅದರ ಜಾಗಕ್ಕೆ ಕಿತ್ತುಹೋದ ರೀಲನ್ನು ಅಂಟಿಸಬೇಕು. ಅದು ಆಗದ ಮಾತು. ಹಾಗೆಯೇ ಬಿಟ್ಟರೆ ಅಮ್ಮನ ಇನ್ನೊಂದು ಬಳೆಯೂ ಹೋಗುತ್ತದೆ. ಕೋರ್ಟಿನ ತಾರೀಖಿಗೆ ಹತ್ತು ದಿನವಿತ್ತು. ಅವಳು ಹೊಸ ಸೀನು ಬರೆದಳು. ಭಾನುವಾರ ಕೆಳಗಿಳಿದು ಅಮ್ಮನ ಕೈ ಹಿಡಿದಳು.

"ಅಪ್ಪ ಹೇಳ್ದ, ವಕೀಲರಿಗೆ ಸುರಿಯೋ ದುಡ್ಡನ್ನ ನಮ್ಮ ನಮ್ಮಲ್ಲೇ ಇಟ್ಕೊಳ್ಳೋಣ, ಖರ್ಚಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಡ್ತೀನಿ, ಅಮ್ಮಂಗೆ ಹೇಳು ಅಂತ."

ಅವಳ ಲೆಕ್ಕ ಸರಳವಾಗಿತ್ತು. ಅಮ್ಮ ವಕೀಲರನ್ನು ಬಿಡುತ್ತಾಳೆ, ಮುಂದಿನ ವಾರ ಅಪ್ಪನಿಗೂ ಇದನ್ನೇ ಹೇಳಿದರೆ ಅವನೂ ಬಿಡುತ್ತಾನೆ, ಬೇಕು ಅನ್ನುವ ಮಾತು ಮಾತ್ರ ಹಾಗೇ ಉಳಿಯುತ್ತದೆ.

ಮುಂದಿನ ಶನಿವಾರ ಅಮ್ಮ ಸೀರೆ ಬದಲಾಯಿಸಿದಳು. ಕೈಗೆ ಎಣ್ಣೆ ಹಚ್ಚಿಕೊಂಡು ಬ್ಲೀಚಿನ ವಾಸನೆ ಉಜ್ಜಿ ತೆಗೆದಳು. ಕಟ್ಟಡದ ಬಾಗಿಲಲ್ಲಿ ರೇಡಿಯೋ ಲಿಫ್ಟಿಗೆ ಹತ್ತಿದಳು. ಅಮ್ಮನೂ ಹತ್ತಿದಳು.

"ಅಮ್ಮಾ! ನೀನೆಲ್ಲಿಗೆ?"

"ಮೇಲಕ್ಕೆ. ಜಾಸ್ತಿ ಕೊಡ್ತೀನಿ ಅಂದವನು ಎದುರಿಗೇ ಹೇಳಲಿ. ಕೇಳೋಣ ಅಂತ."

"ಅಪ್ಪ ಮನೇಲಿಲ್ಲ!"

"ಇಲ್ದೆ ನಿನ್ನ ಯಾರ ಹತ್ರ ಬಿಡ್ತಾ ಇದ್ದೆ ನಾನು?"

ಅಮ್ಮ ಗ್ರಿಲ್ ಎಳೆದಳು, ಆರು ಒತ್ತಿದಳು. ಒಂದನೇ ಮಹಡಿ. ಎರಡು. ರೇಡಿಯೋಳ ತಲೆಯಲ್ಲಿ ಒಂದು ಡೈಲಾಗೂ ಹುಟ್ಟಲಿಲ್ಲ. ಮೂರು ದಾಟಿತು. ಗುಂಡಿಗಳ ಸಾಲಿನ ಕೆಳಗೆ ಒಂದು ಕೆಂಪು ಸ್ವಿಚ್ಚಿತ್ತು, ತುರ್ತು ನಿಲುಗಡೆಗೆ. "ಇದರ ಸ್ಪ್ರಿಂಗ್ ಹೋಗಿದೆ, ಒತ್ತಿದ್ರೆ ಮತ್ತೆ ಮೇಲೆ ಬರಲ್ಲ, ಬಿಲ್ಡಿಂಗ್ ಮಾಲೀಕ ಹೊಸದು ತಂದುಕೊಡಲ್ಲ, ಅಪ್ಪಿತಪ್ಪಿಯೂ ಮುಟ್ಟಬೇಡ," ಅಂತ ಅಪ್ಪ ನೂರು ಸಲ ಹೇಳಿದ್ದ.

ಅವಳು ಒತ್ತಿದಳು.

ಲಿಫ್ಟು ಒಮ್ಮೆ ಬಿಕ್ಕಳಿಸಿ ನಿಂತಿತು. ಎದುರಿಗೆ ಗೋಡೆ. ಕಣ್ಣಿನ ಮಟ್ಟಕ್ಕೆ ನಾಲ್ಕನೇ ಮಹಡಿಯ ನೆಲ.

"ಏನೇ ಮಾಡ್ದೆ?"

"ಕೈ ತಗುಲಿತು."

ಮೇಲಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿ ಬಂದ ಅಪ್ಪ ನಾಲ್ಕನೇ ಮಹಡಿಯ ಗ್ರಿಲ್ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದ. ಮಗಳನ್ನು ನೋಡಿದ. ಆಮೇಲೆ ಸುಮಾರು ಒಂದು ವರ್ಷದಲ್ಲಿ ಮೊದಲ ಸಲ ಹೆಂಡತಿಯನ್ನು ನೋಡಿದ. ಅಮ್ಮನಿಗೆ ಕಾಣುತ್ತಿದ್ದದ್ದು ಅವನ ಮಂಡಿ ಮತ್ತು ಮುಖ.

"ನೀನಾ?" ಅಂದ ಅಪ್ಪ.

"ಹೂಂ, ನಾನೇ. ನೀವೇ ತಾನೇ ಹೇಳಿ ಕಳಿಸಿದ್ದು? ಖರ್ಚಿಗೆ ಜಾಸ್ತಿ ಕೊಡ್ತೀನಿ ಅಂತ?"

"ಜಾಸ್ತಿನಾ? ಇರೋದನ್ನ ಕೊಡೋಕೇ ನಾನು ಮೂರು ಬಿಲ್ಡಿಂಗ್ ಸುತ್ತುತಾ ಇದೀನಿ!"

"ಹಂಗಾದ್ರೆ ಸೊಂಟ ನೋವು ಹೆಂಗಿದೆ ಅಂತ ವಾರಾ ವಾರಾ ಕೇಳ್ತಾ ಇದ್ದದ್ದು?"

"ನಿಂಗೆ ಸೊಂಟ ನೋವಿದೆ ಅನ್ನೋದೇ ನಂಗೆ ಗೊತ್ತಿಲ್ಲ. ನನ್ನ ಹೆಬ್ಬೆರಳು ವಿಚಾರಿಸ್ತಾ ಇದ್ದದ್ದು ನೀನಲ್ವಾ?"

"ನಿಮ್ಮ ಹೆಬ್ಬೆರಳಿಗೆ ಏನಾಗಿದೆ?"

ನಾಲ್ಕನೇ ಮಹಡಿಯ ಹಲ್ಲಿನ ಕ್ಲಿನಿಕ್ಕಿನಿಂದ ಇಬ್ಬರು ಪೇಷೆಂಟುಗಳು ದವಡೆ ಹಿಡಿದುಕೊಂಡೇ ಹೊರಗೆ ಬಂದು ನಿಂತರು.

"ಕೋರ್ಟಲ್ಲಿ ಹೊಡೆದಾಡಿಯಾದ್ರೂ ಕರ್ಕೊಂಡು ಹೋಗ್ತೀನಿ ಅಂದ್ರಲ್ಲ!" ಅಮ್ಮನ ದನಿ ಏರಿತು. "ಅದನ್ನ ಕೇಳಿ ನಾನು ಬಳೆ ಮಾರಿ ವಕೀಲರನ್ನ ಇಟ್ಕೊಂಡೆ!"

"ನಾನಾ? ಪ್ರಾಣ ಹೋದ್ರೂ ಬಿಟ್ಕೊಡಲ್ಲ ಅಂತ ಹೇಳಿ ಕಳಿಸ್ದೋಳು ನೀನು! ಅದಕ್ಕೇ ನಾನು..."

ಅಪ್ಪ ಅಲ್ಲಿಗೆ ನಿಲ್ಲಿಸಿದ. ಅಮ್ಮನೂ ಬಾಯಿ ತೆರೆದವಳು ಹಾಗೇ ನಿಂತಳು. ಇಬ್ಬರಿಗೂ ಒಟ್ಟಿಗೇ ಏನೋ ನೆನಪಾಯಿತು. ಇಬ್ಬರೂ ಒಟ್ಟಿಗೇ ರೇಡಿಯೋಳ ಕಡೆ ತಿರುಗಿದರು.

ಆಗ ಬಂತು ನೋಡಿ ಕ್ಲೈಮ್ಯಾಕ್ಸು! ರೇಡಿಯೋ ಲಿಫ್ಟಿನ ನಟ್ಟನಡುವೆ ಎದೆಯೆತ್ತಿ ನಿಂತಳು. "ಮಂಚ ಎರಡು ಕೊಟ್ರಿ, ವಕೀಲರನ್ನ ಎರಡು ಕೊಟ್ರಿ! ಒಂದು ಮನೆ ಕೊಡೋಕೆ ನಿಮ್ಮಿಬ್ಬರ ಕೈಲೂ ಆಗ್ಲಿಲ್ವಾ?" ಅಂತ ಗುಡುಗಿದಳು. ಪೇಷೆಂಟುಗಳು ಹಲ್ಲುನೋವು ಮರೆತು ಚಪ್ಪಾಳೆ ತಟ್ಟಿದರು. ಅಪ್ಪ ಗ್ರಿಲ್ಲಿನೊಳಗೆ ಗ್ರೀಸಿನ ಕೈ ಚಾಚಿದ, ಅಮ್ಮ ಬ್ಲೀಚಿನ ಕೈಯಿಂದ ಅದನ್ನು ಹಿಡಿದಳು, ಕೆಂಪು ಸ್ವಿಚ್ಚು ತಾನಾಗಿಯೇ ಟಕ್ಕನೆ ಮೇಲೆ ಬಂದು ಲಿಫ್ಟು...

ಇಲ್ಲ. ಸಾಕು.

ಹಾಗೇನೂ ಆಗಲಿಲ್ಲ. ಯಾರೂ ಗುಡುಗಲಿಲ್ಲ. ರೇಡಿಯೋ ಮೂಲೆಗೆ ಒತ್ತಿಕೊಂಡು ಚಪ್ಪಲಿಯ ಬಾರು ನೋಡುತ್ತಿದ್ದಳು. ಅಪ್ಪ ಎದ್ದು ಮೇಲೆ ಹೋದ. ಕರೆಂಟು ತೆಗೆದು, ಒಂದು ಕೈಯಲ್ಲಿ ಬ್ರೇಕಿನ ಲಿವರು ಹಿಡಿದು ಇನ್ನೊಂದರಲ್ಲಿ ಚಕ್ರ ತಿರುಗಿಸಿದ. ಲಿಫ್ಟು ಒಂದೊಂದೇ ಅಂಗುಲ ಏರಿ ನಾಲ್ಕನೇ ಮಹಡಿಗೆ ಬರಲು ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆಯಲ್ಲಿ ಅಮ್ಮ ರೇಡಿಯೋಳ ಕಾಲರ್ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಮತ್ತೆ ಮತ್ತೆ ಸರಿಮಾಡಿದಳು.

ಕಿತ್ತುಹೋದ ರೀಲು ನನ್ನ ಹತ್ತಿರವೇ ಇದೆ. ರೇಡಿಯೋ ಅಂದರೆ ನಾನೇ ಅಂತ ನಿಮಗೆ ಯಾವಾಗಲೋ ಗೊತ್ತಾಗಿರಬೇಕು, ನಟಿಸಬೇಡಿ. ಆ ಶನಿವಾರ ಅಮ್ಮ ಕೆಳಗಿನಿಂದ ಹೇಳಿ ಕಳಿಸಿದ್ದು ಇದು: "ನಿಮ್ಮಪ್ಪನಿಗೆ ಹೇಳು, ನನ್ನ ಕೈಲಿ ಇನ್ನು ಆಗಲ್ಲ. ಮಲಗಿಸೋಕೂ ಜಾಗ ಇಲ್ಲ. ಅವನೇ ಇಟ್ಕೊಳ್ಳಲಿ ನಿನ್ನ." ಮರುದಿನ ಅಪ್ಪ ಮೇಲಿನಿಂದ ಹೇಳಿ ಕಳಿಸಿದ್ದು ಇದು: "ನಿಮ್ಮಮ್ಮನಿಗೆ ಹೇಳು, ಇನ್ನು ವಾರಾ ವಾರಾ ಕಳಿಸೋದು ಬೇಡ. ಈ ಗೂಡಲ್ಲಿ ಮಗು ಇಟ್ಕೊಂಡು ನಾನೇನ್ ಮಾಡ್ಲಿ."

ಕೆಳಗಿನವಳು ಮೇಲೆ ಕಳಿಸಿದಳು, ಮೇಲಿನವನು ಕೆಳಗೆ ಕಳಿಸಿದ. ನಲವತ್ತೆರಡು ಸೆಕೆಂಡಿನಲ್ಲಿ ನಾನು ಎಲ್ಲಿ ಇಳಿಯಬೇಕಿತ್ತು ಹೇಳಿ?

ಕೋರ್ಟಿನಲ್ಲಿ ಜಡ್ಜ್ ಮೇಡಂ ನನ್ನೊಬ್ಬಳನ್ನೇ ಒಳಗೆ ಕರೆದು, "ನಿಂಗೆ ಯಾರ ಹತ್ರ ಇರೋಕೆ ಇಷ್ಟ ಪುಟ್ಟಾ?" ಅಂತ ಕೇಳಿದರು. ನನ್ನ ಬಾಯಿಂದ ಬಂದದ್ದು "ನೀರು ಬೇಕು" ಅಂತ. ಕೊಟ್ಟರು. ಕುಡಿದೆ. ಅಷ್ಟೇ ನನ್ನ ಕೋರ್ಟ್ ಸೀನು. ಸೋಮವಾರದಿಂದ ಗುರುವಾರ ಅಮ್ಮ, ಶುಕ್ರವಾರದಿಂದ ಭಾನುವಾರ ಅಪ್ಪ ಅಂತ ಆಯಿತು. ಖರ್ಚಿನ ದುಡ್ಡು ಇನ್ನು ಬ್ಯಾಂಕಿಗೇ ಹೋಗುತ್ತದೆ, ಲಕೋಟೆ ಇಲ್ಲ. ಮಾವ ಮದುವೆಗೆ ಮೊದಲೇ ಬೇರೆ ಮನೆ ಮಾಡಿದ. ಬಾಡಿಗೆ ಪೂರ್ತಿ ಅಮ್ಮನ ಮೇಲೆ ಬಿತ್ತು. ಭಾನುವಾರದ ಡ್ಯೂಟಿ ಅವಳಿಗೆ ಖಾಯಂ ಆಯಿತು. ಅಪ್ಪ ತನ್ನ ದುಡ್ಡಲ್ಲೇ ಕೆಂಪು ಸ್ವಿಚ್ಚಿಗೆ ಹೊಸ ಸ್ಪ್ರಿಂಗು ಹಾಕಿದ. ಅವತ್ತಿನಿಂದ ಇಬ್ಬರೂ ನನ್ನ ಕೈಯಲ್ಲಿ ಒಂದು ಮಾತನ್ನೂ ಹೇಳಿ ಕಳಿಸಿಲ್ಲ. ಅಮ್ಮ ಆರು ಒತ್ತಿ ಕೈ ಎಳೆದುಕೊಳ್ಳುತ್ತಾಳೆ. ನಾನು ಸುಮ್ಮನೆ ಏರುತ್ತೇನೆ.

ಇನ್ನೊಂದು ಇದೆ. ಜಡ್ಜ್ ಮೇಡಂ ಮುಂದೆ ಇಬ್ಬರೂ ಬೇರೆ ಬೇರೆ ಕುರ್ಚಿಗಳಲ್ಲಿ ಕೂತು ಒಂದೇ ಮಾತು ಹೇಳಿದರು. "ನನ್ನ ಮಗಳು ನನಗೆ ಬೇಕು." ಅಮ್ಮ ಹೇಳಿದಳು. ಅಪ್ಪ ಹೇಳಿದ. ಇಬ್ಬರೂ ತಡವರಿಸಲಿಲ್ಲ. ಆ ಸಾಲು ಬರೆದವಳು ನಾನು. ಅದರಲ್ಲಿ ಅವರದು ಎಷ್ಟು, ನನ್ನದು ಎಷ್ಟು ಅಂತ ಕೇಳಬೇಕು ಅನ್ನಿಸುತ್ತದೆ. ಯಾರ ದನಿಯಲ್ಲಿ ಕೇಳುವುದೋ ತಿಳಿಯದೆ ಸುಮ್ಮನಿದ್ದೇನೆ.

ಈ ಶುಕ್ರವಾರ ಲಿಫ್ಟು ಆರಕ್ಕೆ ಬಂದಾಗ ಅಪ್ಪ ಗ್ರಿಲ್ ಎಳೆದ.

"ಬಂದ್ಯಾ?" ಅಂದ.

ಇದನ್ನು ನಾನು ಬರೆದುಕೊಟ್ಟಿರಲಿಲ್ಲ. ಅಷ್ಟನ್ನು ಹಿಡಿದುಕೊಂಡು ಒಳಗೆ ಹೋದೆ.